ಖಾರ ರುಚಿಯಲ್ಲ, ನೋವು!

ಸಂಜೆಯಾಯಿತೆಂದರೆ ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿಯದೇ ರಾಜ್ಯಭಾರ. ದೇವರಾಜ ಅರಸು ಬಡಾವಣೆಯೂ ಇದಕ್ಕೆ ಹೊರತಲ್ಲ. ಮಿರ್ಚಿ ಕಚ್ಚಿದೊಡನೆ ನಾಲಿಗೆ ಉರಿಯುತ್ತದೆ, ಕಣ್ಣು-ಮೂಗಿನಲ್ಲಿ ನೀರಿಳಿಯುತ್ತದೆ. ಇದನ್ನು ಖಾರದ ರುಚಿ ಎನ್ನುವುದು ವಾಡಿಕೆ. ಆದರೆ ಖಾರ ರುಚಿಯೇ ಅಲ್ಲ. ಅದೊಂದು ಬಗೆಯ ನೋವು!

ಸಿಹಿ, ಹುಳಿ, ಉಪ್ಪು, ಕಹಿಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು ಬೇರೆ. ಬಾಯುರಿಯ ಸುದ್ದಿಯನ್ನು ಮುಖ್ಯವಾಗಿ ಒಯ್ಯುವುದು ಟ್ರೈಜೆಮಿನಲ್ ನರ. ಮಿದುಳಿಗೆ ಸೇರಿದ 12 ಜೊತೆ ನರಗಳಲ್ಲಿ ಇದು ಐದನೆಯದು. ಮುಖದ ಪ್ರತಿ ಬದಿಯಲ್ಲೂ ಇದಕ್ಕೆ ಮೂರು ಕವಲು: ಹಣೆ-ಕಣ್ಣಿಗೊಂದು, ಮೇಲ್ದವಡೆಗೊಂದು, ಕೆಳದವಡೆಗೊಂದು.

ಈ ನರದ ಸಂವೇದಿ ಕೋಶಗಳ ತುದಿಯ ಪೊರೆಯಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ. ಇವೇ ಗ್ರಾಹಕಗಳು. ಟಿಆರ್‌ಪಿವಿ-1 ಎಂಬ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಣು ಕಳ್ಳಕೀಲಿಯಂತೆ ಅದೇ ಬಾಗಿಲನ್ನು ತೆರೆಯುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಬಾಯಿ ಸುಡುತ್ತಿದೆಯೆಂದು ಮಿದುಳು ಮೋಸಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪಾದರೂ ಅದರಲ್ಲಿ ಈ ಅಣು ಕಡಿಮೆ. ಆದ್ದರಿಂದಲೇ ಖಾರವೂ ಕಡಿಮೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು. ಉರಿ ಶಮನಕ್ಕೆ ನೀರಿಗಿಂತ ಹಾಲು, ಮಜ್ಜಿಗೆಯೇ ಲೇಸು.

1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ತಂಡ. ಸ್ಪರ್ಶದ ಗ್ರಾಹಕ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ನರಕೋಶ ಸುದ್ದಿ ಒಯ್ದು ಸುಮ್ಮನಾಗುವುದಿಲ್ಲ. ತನ್ನ ತುದಿಯಿಂದ ಸಿಜಿಆರ್‌ಪಿ ಎಂಬ ಸಂಕೇತ ಅಣುವನ್ನೂ ಹೊರಬಿಡುತ್ತದೆ. 37 ಅಮೈನೊ ಆಮ್ಲಗಳ ಈ ಸರಪಳಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅರೆತಲೆನೋವಿನಲ್ಲಿ ಇದರ ಪಾತ್ರ ದೊಡ್ಡದು. ಈ ಅಣುವಿನ ಗ್ರಾಹಕಕ್ಕೆ ಅಡ್ಡಗಟ್ಟುವ ಎರೆನುಮ್ಯಾಬ್ ಎಂಬ ಔಷಧಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಮನೆಯ ಹೆಂಗಸರು ತಲೆನೋವೆಂದು ಕತ್ತಲ ಕೋಣೆಯಲ್ಲಿ ಮಲಗಿದರೆ 'ಕೆಲಸಕ್ಕೆ ನೆವ' ಎನ್ನುವವರು ಇದನ್ನು ತಿಳಿದಿರಬೇಕು. ಆ ನೋವು ನೆವವಲ್ಲ, ಅಣುಗಳ ಕೆಲಸ.

ಇದೇ ನರದ ಇನ್ನೊಂದು ಕಾಯಿಲೆ ನ್ಯೂರಾಲ್ಜಿಯ. ಹಲ್ಲುಜ್ಜಿದರೂ, ಮುಖಕ್ಕೆ ಗಾಳಿ ಬೀಸಿದರೂ ಕರೆಂಟು ಹೊಡೆದಂಥ ನೋವು. ಹಲ್ಲುನೋವೆಂದು ಭಾವಿಸಿ ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಂಡವರುಂಟು. ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ. ಕಾರ್ಬಮಾಝೆಪಿನ್‌ನಂಥ ಮಾತ್ರೆಗಳಿಂದ ಅನೇಕರಿಗೆ ಉಪಶಮನ ಸಿಗುತ್ತದೆ. ಇಕ್ಕಳಕ್ಕೆ ಬಾಯಿ ತೆರೆಯುವ ಮುನ್ನ ನರರೋಗ ತಜ್ಞರನ್ನೊಮ್ಮೆ ಕಾಣುವುದು ಒಳ್ಳೆಯದು.