ಊರಿನ ಮಲ್ಲಿಗೆ ಮುಂಬಯಿ ಮಳೆಯಲ್ಲಿ ಕೊಳೆಯುವುದೇಕೆ?

ಮೇ ತಿಂಗಳ ರಜೆ ಮುಗಿಸಿ ಊರಿನಿಂದ ಹೊರಡುವ ನಮ್ಮವರ ರೈಲಿನ ಬೋಗಿಯನ್ನು ಒಮ್ಮೆ ನೋಡಬೇಕು. ಸೀಟಿನಡಿಯಲ್ಲಿ ಹಲಸಿನ ಹಣ್ಣು, ಕುಚ್ಚಲಕ್ಕಿ, ಹಪ್ಪಳದ ಕಟ್ಟು, ಉಪ್ಪಿನಕಾಯಿ ಜಾಡಿ. ಇವುಗಳ ನಡುವೆ ಎಲ್ಲೋ ಒಂದು ಕಡೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆಯ ಗೆಲ್ಲು, ತೊಟ್ಟೆಯೊಳಗೆ ಬಸಳೆಯ ಬಳ್ಳಿ, ಇಲ್ಲವೇ ಒಂದೆರಡು ಅರಿಶಿನದ ಗಡ್ಡೆ ಇದ್ದೇ ಇರುತ್ತದೆ. ನಾನೂ ಹಾಗೆ ತಂದವಳೇ. ಉಡುಪಿಯ ಹತ್ತಿರದ ಅಮ್ಮನ ಮನೆಯಿಂದ ಡೊಂಬಿವಲಿಯ ಮೂರನೇ ಮಹಡಿಗೆ ಎರಡು ಸಲ ಮಲ್ಲಿಗೆ ಗಿಡ ತಂದೆ. ಎರಡು ಸಲವೂ ಅದು ಜುಲೈ ದಾಟಲಿಲ್ಲ.

ಎರಡನೆಯದು ಸತ್ತಾಗ ಅಮ್ಮನಿಗೆ ಫೋನು ಮಾಡಿದೆ. "ಮಳೆ ಜಾಸ್ತಿ ಆಗಿ ಕೊಳೆಯಿತು" ಎಂದೆ.

"ಇಲ್ಲಿ ಅದಕ್ಕಿಂತ ಮಳೆ ಕಡಿಮೆಯಾ ಮಗಾ? ನಮ್ಮ ಗಿಡಕ್ಕೆ ಎಂತದೂ ಆಗುವುದಿಲ್ಲ. ನಿನ್ನದಕ್ಕೆ ಮಾತ್ರ ಎಂತ ಆಯಿತು?"

ನನ್ನ ಬಳಿ ಉತ್ತರ ಇರಲಿಲ್ಲ. ಉಡುಪಿ ಕಡೆ ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮುಂಬಯಿಯಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಎರಡೂ ಕಡಲ ಬದಿಯ ಊರು, ಎರಡಕ್ಕೂ ಒಂದೇ ಪಡುವಣ ಗಾಳಿ, ಮೈಗೆ ಅಂಟುವ ಬೆವರೂ ಒಂದೇ. ಅಲ್ಲಿ ದುಪ್ಪಟ್ಟು ಮಳೆಯಲ್ಲಿ ನೆನೆದು ಬದುಕುವ ಗಿಡ ಇಲ್ಲಿ ಏಕೆ ಸಾಯಬೇಕು?

ಮುಂದಿನ ಸಲ ಊರಿಗೆ ಹೋದಾಗ ಇದನ್ನೇ ತಲೆಯಲ್ಲಿಟ್ಟುಕೊಂಡು ಅಂಗಳಕ್ಕೆ ಇಳಿದು ನೋಡಿದೆ. ಚಿಕ್ಕಂದಿನಿಂದ ಆ ಗಿಡಗಳ ಪಕ್ಕದಲ್ಲೇ ಓಡಾಡಿದ್ದರೂ ನೋಡಿರದ ಸಂಗತಿಯೊಂದು ಆಗ ಕಣ್ಣಿಗೆ ಬಿತ್ತು. ಅಮ್ಮನ ಮಲ್ಲಿಗೆ ಒಂದೂ ಸಮತಟ್ಟಾದ ನೆಲದಲ್ಲಿ ಇರಲಿಲ್ಲ. ಪ್ರತಿಯೊಂದರ ಬುಡವೂ ಮೊಣಕಾಲೆತ್ತರದ ದಿಣ್ಣೆಯ ಮೇಲಿತ್ತು. ಕೆಳಗೆ ಮುರಕಲ್ಲಿನ ನೆಲ. ಎಷ್ಟು ಸುರಿದರೂ ನೀರು ಇಳಿದು ಹೋಗುತ್ತದೆ, ಇಲ್ಲವೇ ಇಳಿಜಾರಿನಲ್ಲಿ ಹರಿದು ತೋಡು ಸೇರುತ್ತದೆ. ಬುಡಕ್ಕೆ ಹಾಕಿದ್ದು ಸುಡುಮಣ್ಣು, ಹೊಯಿಗೆ, ಹಳೆಯ ಗೊಬ್ಬರ. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟದ ಮಣ್ಣು. ನಾನು ಡೊಂಬಿವಲಿಯಲ್ಲಿ ಗೋಣಿಗಟ್ಟಲೆ ಕೊಂಡು ತುಂಬಿಸಿದ ಕೆಂಪು ಮಣ್ಣು ಎರಡು ಮಳೆಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತಿತ್ತು.

ಬೇರಿಗೂ ಉಸಿರಾಡಬೇಕು ಎಂಬುದನ್ನು ಶಾಲೆಯಲ್ಲಿ ಓದಿ ಮರೆತಿರುತ್ತೇವೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ, ಬೇರಿಗೆ ಬೇಕಾದ ಆಮ್ಲಜನಕ ಬರುವುದು ಅಲ್ಲಿಂದ. ಆ ಸಂದಿಯಲ್ಲಿ ನೀರು ನಿಂತುಬಿಟ್ಟರೆ ಆಮ್ಲಜನಕ ಒಳಗೆ ಬರುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಇಳಿಯುತ್ತದೆ. ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಬೂಸ್ಟು ಹಿಡಿಯುತ್ತದೆ. ಬೇರಿಲ್ಲದ ಗಿಡಕ್ಕೆ ನೀರು ಹೀರಲು ಆಗದೆ ಎಲೆ ಹಳದಿಯಾಗಿ ಜೋತು ಬೀಳುತ್ತದೆ. ಮೇಲಿನಿಂದ ನೋಡಿದರೆ ಥೇಟ್ ಬಾಯಾರಿದ ಗಿಡದ ಹಾಗೆಯೇ ಇರುತ್ತದೆ. ಪಾಪ ಒಣಗುತ್ತಿದೆ ಎಂದುಕೊಂಡು ನಾವು ಇನ್ನೊಂದು ತಂಬಿಗೆ ನೀರು ಹೊಯ್ಯುತ್ತೇವೆ! ನನ್ನ ಮೊದಲನೇ ಗಿಡವನ್ನು ನಾನೇ ಹೀಗೆ ಕೊಂದೆ.

ಕುಂಡದ ತಳದಲ್ಲಿ ಓಡಿನ ಚೂರು, ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಕಿದ್ದೆ. ಇದು ಸರಿಯಲ್ಲ. ನುಣ್ಣನೆಯ ಮಣ್ಣು ಪೂರ್ತಿ ನೆನೆದು ತುಂಬುವ ತನಕ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಅಂದರೆ ತಳದಲ್ಲಿ ನಿಲ್ಲಬೇಕಾದ ನೀರು ಜಲ್ಲಿಯ ಮೇಲೆ, ಬೇರಿಗೆ ಇನ್ನೂ ಹತ್ತಿರ, ನಿಲ್ಲುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಇನ್ನಷ್ಟು ನೀರು ಇಳಿಯುತ್ತದೆ. ಕುಂಡದ ಲೆಕ್ಕವೂ ಇದೇ. ಅಗಲ ಹೆಚ್ಚು, ಆಳ ಕಡಿಮೆ ಇರುವ ಚೆಂದದ ಕುಂಡಕ್ಕಿಂತ ಎತ್ತರದ ಕುಂಡದಲ್ಲಿ ಮೇಲಿನ ಬೇರುಗಳು ಬೇಗ ಆರುತ್ತವೆ. ಒಂದರ್ಥದಲ್ಲಿ ಅಮ್ಮನ ದಿಣ್ಣೆಯೂ ಎತ್ತರದ ಕುಂಡವೇ.

ಮೂರನೇ ಗಿಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು ಮತ್ತು ಕಡಲೆ ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ಹಳೆಯ ಗೊಬ್ಬರ ಸೇರಿಸಿದೆ. ಇಟ್ಟಿಗೆ ಚೂರನ್ನು ತಳಕ್ಕೆ ಸುರಿಯದೆ ಇಡೀ ಮಣ್ಣಿಗೆ ಕಲಸಿದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಬೇಸಿಗೆಗೆ ಒಳ್ಳೆಯದು, ನೀರು ಹಿಡಿದಿಡುತ್ತದೆ. ಅದೇ ಕಾರಣಕ್ಕೆ ಮಳೆಗಾಲಕ್ಕೆ ಬೇಡ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ ತಳದ ತೂತು ನೆಲಕ್ಕೆ ಅಂಟದ ಹಾಗೆ ಮಾಡಿದೆ. ಅಡಿಯ ತಟ್ಟೆಯನ್ನು ಜೂನ್ ಮೊದಲ ವಾರವೇ ತೆಗೆದು ಅಟ್ಟಕ್ಕೆ ಹಾಕಿದೆ. ಆಮೇಲೆ ಒಂದು ದಿನ ಜೋರು ಮಳೆ ಬರುವಾಗ ಕಿಟಕಿಯ ಬಳಿ ಸುಮ್ಮನೆ ನಿಂತು ನೋಡಿದೆ. ಮೇಲಿನ ಮಹಡಿಯ ಛಜ್ಜಾದಿಂದ ನೀರು ಧಾರೆಯಾಗಿ ಸುರಿಯುತ್ತಿದ್ದದ್ದು ಸರಿಯಾಗಿ ನನ್ನ ಮಲ್ಲಿಗೆಯ ಬುಡಕ್ಕೇ! ಆಕಾಶದ ಮಳೆಯ ಲೆಕ್ಕ ಹಾಕುತ್ತಿದ್ದ ನನಗೆ ಈ ಛಜ್ಜಾದ ಮಳೆ ಗೊತ್ತೇ ಇರಲಿಲ್ಲ. ಮಲ್ಲಿಗೆಯನ್ನು ಎರಡಡಿ ಆಚೆ ಸರಿಸಿ, ಆ ಜಾಗದಲ್ಲಿ ಕೆಸುವಿನ ಕುಂಡ ಇಟ್ಟೆ. ಕೆಸುವಿಗೆ ಎಷ್ಟು ನೀರಾದರೂ ಸಂತೋಷವೇ. ಆಟಿ ತಿಂಗಳಲ್ಲಿ ಅದರಿಂದ ಎರಡು ಸಲ ಪತ್ರೊಡೆ ಆಯಿತು.

ಮಳೆಗಾಲ ಹಿತವೆನಿಸುವ ಗಿಡಗಳು ಬೇರೆಯೇ ಇವೆ. ಮೇ ಕೊನೆಯಲ್ಲಿ ನೆಟ್ಟ ಅರಿಶಿನದ ಗಡ್ಡೆ ನಾಗರ ಪಂಚಮಿಯ ಹೊತ್ತಿಗೆ ಕಡುಬಿಗೆ ಸಾಕಾಗುವಷ್ಟು ಎಲೆ ಕೊಡುತ್ತದೆ. ಬಸಳೆ ಗ್ರಿಲ್ ತುಂಬ ಹಬ್ಬುತ್ತದೆ. ಆದರೆ ದೊಡ್ಡಪತ್ರೆ, ಲೋಳೆಸರದಂಥ ರಸ ತುಂಬಿದ ಗಿಡಗಳನ್ನು ಒಳಗೆ, ಬೆಳಕಿರುವ ಕಿಟಕಿಯ ಬಳಿ, ತಂದಿಡಬೇಕು. ಹರಿವೆ ಬೀಜವನ್ನು ಬಯಲಲ್ಲಿ ಬಿತ್ತಿದರೆ ಸಾಸಿವೆಗಿಂತ ಸಣ್ಣ ಆ ಬೀಜ ಹನಿಯ ಏಟಿಗೆ ಹಾರಿ ಹೋಗುತ್ತದೆ; ಸೂರಿನಡಿ ಮೊಳಕೆ ಬರಿಸಿ ಆಮೇಲೆ ಹೊರಗಿಡಬೇಕು. ಇನ್ನು ಬೆಳೆಯುವ ಕಷ್ಟವೇ ಬೇಡ ಎನ್ನುವವರಿಗೆ ಸ್ಟೇಷನ್ ಹೊರಗೆ ಆದಿವಾಸಿ ಹೆಂಗಸರು ಮಾರುವ ಟಾಕ್ಳಾ ಇದೆ. ನಮ್ಮ ಚಗಟೆ ಸೊಪ್ಪು, ತುಳುವಿನ ತಜಂಕ್, ಅದೇ. ಎಷ್ಟೋ ವರ್ಷ ಅದರ ಪಕ್ಕದಲ್ಲೇ ನಡೆದು ಹೋಗಿದ್ದೆ.

ಮಳೆಯ ಮೂರು ತಿಂಗಳು ಮಲ್ಲಿಗೆಗೆ ಗೊಬ್ಬರ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಸೋತ ಬೇರಿಗೆ ಅದು ಜೀರ್ಣವಾಗುವುದಿಲ್ಲ. ವಾರಕ್ಕೊಮ್ಮೆ ಬಿದ್ದ ಎಲೆ ತೆಗೆಯುವುದು, ತಳದ ತೂತಿಗೆ ಕಡ್ಡಿ ಹಾಕಿ ನೋಡುವುದು, ಮೇಲಿನ ಒಂದಿಂಚು ಮಣ್ಣನ್ನು ಸಡಿಲ ಮಾಡುವುದು, ಇಷ್ಟು ಸಾಕು. ಎಲೆಯಡಿ ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪು ಸೇರಿಸಿ, ಮಳೆ ಬಿಟ್ಟ ಸಂಜೆ ಸಿಂಪಡಿಸಬಹುದು. ಸುರಿಯುವ ಮಳೆಯಲ್ಲಿ ಸಿಂಪಡಿಸಿದರೆ ಎಣ್ಣೆ ಹೋಗುವುದು ಕೆಳಗಿನ ಮನೆಯವರ ಬಟ್ಟೆಗೆ.

ಕೆಳಗಿನ ಮನೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಫ್ಲಾಟಿನಲ್ಲಿ ಗಿಡ ಬೆಳೆಸುವವರ ನಿಜವಾದ ಪರೀಕ್ಷೆ ಕೀಟ, ರೋಗ ಅಲ್ಲ, ಎರಡನೇ ಮಹಡಿ. ಒಂದು ಆಗಸ್ಟಿನಲ್ಲಿ ಕೆಳಗಿನ ಮನೆಯ ಕಾಕೂ ಕೆಂಪು ಕಲೆಯಾದ ಬಿಳಿ ಚಾದರ ಹಿಡಿದುಕೊಂಡು ಬಾಗಿಲಿಗೆ ಬಂದರು. ಬೈಯಲಿಲ್ಲ, ತೋರಿಸಿದರು ಅಷ್ಟೆ. ನನಗೆ ನಾಚಿಕೆಯಾಯಿತು. ಗ್ರಿಲ್‌ನ ತಳಕ್ಕೆ ತಗಡು ಹಾಸಿ, ಒಂದು ಮೂಲೆಗೆ ಇಳಿಜಾರು ಕೊಟ್ಟು, ಅಲ್ಲಿಂದ ಪೈಪ್ ಇಳಿಸಿ ಮಳೆನೀರಿನ ಪೈಪಿಗೆ ಸೇರಿಸಿದೆ. ಆಗಲೇ ಕೆಲಸದವನು ಗ್ರಿಲ್‌ನ ಮೊಳೆಗಳನ್ನು ನೋಡಿ ತಲೆ ಅಲ್ಲಾಡಿಸಿದ. 12 ಇಂಚಿನ ಕುಂಡ ಮಣ್ಣು ನೆನೆದಾಗ 20 ಕಿಲೋ ಮೀರುತ್ತದೆ. ನಾನು ತೂಗು ಹಾಕಿದ್ದು ಅಂಥ ಒಂಬತ್ತು. ತುಕ್ಕು ಹಿಡಿದ ಮೊಳೆಯ ಕೆಳಗೆ ಮಕ್ಕಳು ಆಡುವ ಜಾಗ. ಅದೇ ದಿನ ಐದನ್ನು ಒಳಗಿನ ಗೋಡೆಯ ಬದಿಗೆ ತಂದೆ. ಓದುಗರಲ್ಲಿ ಯಾರಾದರೂ ಗ್ರಿಲ್‌ನಲ್ಲಿ ಕುಂಡ ಇಟ್ಟಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಮೊಳೆ ನೋಡಿ ಬನ್ನಿ.

ಸೊಳ್ಳೆಯ ವಿಷಯದಲ್ಲೂ ಅಷ್ಟೆ. ಡೆಂಗಿ ತರುವ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಿ ಅಲ್ಲ, ಕುಂಡದ ತಟ್ಟೆಯ ತಿಳಿನೀರಿನಲ್ಲಿ, ಮನಿಪ್ಲಾಂಟ್ ಬಾಟಲಿಯಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಮುಗಿಯಲಿಲ್ಲ. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ತಟ್ಟೆಯನ್ನು ಉಜ್ಜಿ ತೊಳೆಯಬೇಕು.

ಮಳೆ ಮುಗಿಯಿತು ಎಂದು ನಿಟ್ಟುಸಿರು ಬಿಡುವಾಗಲೇ ನಮ್ಮೂರ ಲೆಕ್ಕ ಇಲ್ಲಿ ತಪ್ಪುತ್ತದೆ. ಕರಾವಳಿ ಕರ್ನಾಟಕದಲ್ಲಿ ಅಕ್ಟೋಬರಿನಲ್ಲಿ ಸಂಜೆಯ ಗುಡುಗು ಮಳೆ ಇರುತ್ತದೆ, ಏಪ್ರಿಲ್, ಮೇಯಲ್ಲೂ ಒಂದೆರಡು ಮಳೆ ಬಂದು ನೆಲ ತಣಿಯುತ್ತದೆ. ಮುಂಬಯಿಯಲ್ಲಿ ಹಾಗಲ್ಲ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಮಳೆ ಹೋಯಿತೆಂದರೆ ಮತ್ತೆ ಜೂನ್ ತನಕ ಹನಿ ಬಿದ್ದರೆ ಅದೇ ಸುದ್ದಿ. ಹೋದ ಬೆನ್ನಿಗೇ ಇಲ್ಲಿಯವರು 'ಅಕ್ಟೋಬರ್ ಹೀಟ್' ಎನ್ನುವ ಬಿಸಿಲು. ಮೂರು ತಿಂಗಳು ಮೋಡದಡಿ ಬೆಳೆದ ಮೆತ್ತನೆಯ ಎಲೆಗೆ ಆ ಬಿಸಿಲು ಬಿದ್ದರೆ ಅಂಚು ಸುಟ್ಟು ಹೋಗುತ್ತದೆ. ಬಿಸಿಲಿಗೆ ಒಗ್ಗುವ ತನಕ ಎರಡು ವಾರ ಹಸಿರು ಬಲೆ ಕಟ್ಟಬೇಕು, ಮಳೆಯಲ್ಲಿ ತೊಳೆದು ಹೋದ ಗೊಬ್ಬರವನ್ನು ಈಗ ಕೊಡಬೇಕು. ಹಾಗೆಯೇ ಏಪ್ರಿಲ್, ಮೇಯಲ್ಲಿ ಸೊಸೈಟಿಯ ನೀರು ದಿನಕ್ಕೆ ಒಂದು ಹೊತ್ತಿಗೆ ಇಳಿದಾಗ ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಮುಚ್ಚಿ, ಅಕ್ಕಿ ತೊಳೆದ ನೀರಿನಲ್ಲೇ ದಾಟಿಸುವುದನ್ನೂ ಕಲಿತೆ.

ನವೆಂಬರಿನಿಂದ ಫೆಬ್ರವರಿ ಇಲ್ಲಿ ಕೈತೋಟದ ಸುಗ್ಗಿ. ಮೆಂತ್ಯ, ಪಾಲಕ್, ಕೊತ್ತಂಬರಿ, ಟೊಮೆಟೊ ಏನು ಹಾಕಿದರೂ ಬರುತ್ತದೆ, ಹೆಚ್ಚು ಹೇಳಬೇಕಾಗಿಲ್ಲ. ಮಲ್ಲಿಗೆಗೆ ಮಾತ್ರ ಆಗ ಕತ್ತರಿ ಬೇಕು. ನವೆಂಬರ್ ಕೊನೆಗೆ ನನ್ನ ಗಿಡ ಆಳೆತ್ತರವಾಗಿತ್ತು. ಅರ್ಧಕ್ಕೆ ಕತ್ತರಿಸಲು ಮನಸ್ಸೇ ಬರಲಿಲ್ಲ. "ಹೊಸ ಗೆಲ್ಲು ಬಂದರಲ್ಲವಾ ಹೂ? ಕಡಿ" ಎಂದು ಅಮ್ಮ ಫೋನಿನಲ್ಲೇ ಗದರಿದರು. ಕಡಿದು, ಎಲೆ ಸವರಿ, ಅವರು ಹೇಳಿದಂತೆ ನೆಲಗಡಲೆ ಹಿಂಡಿ ನೆನೆಸಿ ಹಾಕಿದೆ. ಮೂರು ದಿನ ಕೊಳೆಸಿದ ಹಿಂಡಿಯ ವಾಸನೆ ಇಡೀ ಮಹಡಿಗೆ ಹಬ್ಬಿತು. ಈಗ ಒಂದು ರಾತ್ರಿ ಮಾತ್ರ ನೆನೆಸುತ್ತೇನೆ. ಮಾರ್ಚಿನಲ್ಲಿ ಮೊಗ್ಗು ಬಂತು. ಊರಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನನಗೆ ಸಿಕ್ಕಿದ್ದು ದಿನಕ್ಕೆ ಹನ್ನೆರಡು, ಹದಿನೈದು ಮೊಗ್ಗು. ಒಂದು ದಿನ ಸಣ್ಣ ಮಾಲೆ ಕಟ್ಟಿ ಕಾಕೂಗೆ ಕೊಟ್ಟೆ.

ಹೋದ ವರ್ಷ ಊರಲ್ಲಿ ಹೆದ್ದಾರಿ ಅಗಲವಾಯಿತು. ಅಂಗಳದ ಅರ್ಧ ಭಾಗ ಹೋಯಿತು, ದಿಣ್ಣೆಗಳೂ ಹೋದವು. ಆವತ್ತು ಅಮ್ಮ ಫೋನಿನಲ್ಲಿ ಬಾವಿಯ ವಿಷಯ, ಕಾಂಪೌಂಡಿನ ವಿಷಯ ಎಲ್ಲ ಹೇಳಿದರು, ಮಲ್ಲಿಗೆಯ ಹೆಸರೆತ್ತಲಿಲ್ಲ. ಒಂದು ವಾರ ಬಿಟ್ಟು, ಬೇರೇನೋ ಮಾತಿನ ನಡುವೆ, "ನಿನ್ನ ಚಟ್ಟಿಯಲ್ಲಿರುವುದು ನಮ್ಮದೇ ಗಿಡದ್ದಲ್ಲವಾ?" ಎಂದು ಕೇಳಿದರು.

ಜುಲೈಯಲ್ಲಿ ಪೆನ್ಸಿಲ್ ದಪ್ಪದ ಆರು ಗೆಲ್ಲು ಕಡಿದು, ಪ್ರತಿಯೊಂದರಲ್ಲೂ ನಾಲ್ಕು ಗಂಟು ಉಳಿಸಿ, ಕೆಳಗಿನ ಎಲೆ ತೆಗೆದು, ಬರೀ ಮರಳು ಮತ್ತು ಹಳೆಯ ಗೊಬ್ಬರದಲ್ಲಿ ಊರಿದೆ. ಮಳೆಗಾಲದ ಒದ್ದೆ ಗಾಳಿ ಬೇರು ಬರಿಸಲು ಬಹಳ ಒಳ್ಳೆಯದು, ನೇರ ಮಳೆ ಬೀಳಬಾರದು ಅಷ್ಟೆ. ಆರರಲ್ಲಿ ನಾಲ್ಕು ಚಿಗುರಿದವು. ದೀಪಾವಳಿ ರಜೆಗೆ ಮತ್ಸ್ಯಗಂಧದಲ್ಲಿ ಅವನ್ನು ಸೀಟಿನಡಿ ಇಟ್ಟುಕೊಂಡು ಹೊರಟಾಗ, ಮುಂಬಯಿಯಿಂದ ಊರಿಗೆ ಮಲ್ಲಿಗೆಯಾ ಎಂದು ಎದುರು ಸೀಟಿನವರು ನಕ್ಕರು.

ಹಿತ್ತಲಲ್ಲಿ, ತೆಂಗಿನ ಮರದ ಆಚೆ, ಅಮ್ಮ ಮೊದಲೇ ನಾಲ್ಕು ದಿಣ್ಣೆ ಮಾಡಿಸಿಟ್ಟಿದ್ದರು. ತೊಟ್ಟೆ ಹರಿದು, ಬೇರಿನ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹೊಯಿಗೆ ಸ್ವಲ್ಪ ಜಾಸ್ತಿಯಾಯಿತು, ಅಡ್ಡಿಲ್ಲ" ಎಂದರು. ಈಗ ನಾಲ್ಕರಲ್ಲಿ ಮೂರು ಹಿಡಿದುಕೊಂಡಿವೆ.