ಬಚ್ಚಲ ಬಾಯ್ಲರಿನ ಪೈಪು ಬುಡದಲ್ಲಿ ಸೋರಿದರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಸ್ನಾನದ ನೀರು ಕಾಯಿಸಲು ಉರುವಲಿಗೆ ಬರವಿಲ್ಲ. ಚಿಪ್ಪು ಇದ್ದಿಲಿಗೆ ಮಾರಾಟವಾದರೂ ಒಣ ಗರಿ, ಮಟ್ಟೆ, ಕಾಯಿಸಿಪ್ಪೆ ತೋಟದಲ್ಲೇ ಸಿಗುತ್ತವೆ. ಹಿಂದೆ ಒಲೆಯ ಮೇಲೆ ಹೂತ ತಾಮ್ರದ ಹಂಡೆಯಿಂದ ನೀರನ್ನು ಮೊಗೆದುಕೊಳ್ಳುತ್ತಿದ್ದರು. ಪೈಪಿನ ಗೊಡವೆಯೇ ಇರಲಿಲ್ಲ. ನಲ್ಲಿ ಜೋಡಿಸಿದ ಬಾಯ್ಲರು ಬಂದ ಮೇಲೆ ಒಡಲು ಗಟ್ಟಿಯಾಗಿದ್ದರೂ ಪೈಪು ಸೇರುವ ಬುಡದಲ್ಲಿ ಜಿನುಗುವುದು ಸಾಮಾನ್ಯವಾಗಿದೆ. ಸೆಕೆಂಡಿಗೊಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು ಹೋಗುತ್ತದೆ. ನೀರು ಹೋದರೆ ಹೋಗಲಿ, ಅದೇ ತೇವ ಕಬ್ಬಿಣವನ್ನು ತಿನ್ನುತ್ತದೆ.

ಸೋರುವುದು ವೆಲ್ಡಿಂಗೋ, ಥ್ರೆಡ್ಡೋ ಎಂಬುದನ್ನು ಮೊದಲು ತಿಳಿಯಬೇಕು. ಬೆಂಕಿ ಆರಿಸಿ, ನೀರು ತುಂಬಿದ್ದಂತೆಯೇ ತಣಿಯಲು ಬಿಟ್ಟು, ಬುಡವನ್ನು ಒಣಬಟ್ಟೆಯಿಂದ ಒರೆಸಿ ಸುತ್ತ ಸೀಮೆಸುಣ್ಣ ತಿಕ್ಕಿರಿ. ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ಹನಿ ಬೀಳುವ ಜಾಗವನ್ನು ನಂಬಬಾರದು, ನೀರು ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಕೊಳವೆ ಬಾವಿಯ ಗಡಸು ನೀರಾದರೆ ಬಿಳಿಯ ಹರಳುಗಟ್ಟಿದ ಗೆರೆಯೇ ಜಾಗವನ್ನು ತೋರಿಸುತ್ತದೆ.

ಥ್ರೆಡ್ಡಿನಲ್ಲಾದರೆ ಕೆಲಸ ಸುಲಭ. ನೀರು ಖಾಲಿ ಮಾಡಿ, ಪೈಪು ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಟೆಫ್ಲಾನ್ ಟೇಪನ್ನು ತಿರುಗಿಸುವ ದಿಕ್ಕಿನಲ್ಲೇ ಸುತ್ತಿ ಕೂಡಿಸಬೇಕು. ಆಗ ಬಾಯ್ಲರಿನ ಸಾಕೆಟ್ಟನ್ನು ಇನ್ನೊಂದು ರೆಂಚಿನಿಂದ ಹಿಡಿದಿರಲೇಬೇಕು. ಹಿಡಿಯದೆ ತಿರುಗಿಸಿದರೆ ಆ ತಿರುಚು ನೇರ ವೆಲ್ಡಿಂಗಿಗೆ ಹೋಗಿ, ಇಲ್ಲದ ಬಿರುಕು ಹುಟ್ಟುತ್ತದೆ.

ವೆಲ್ಡಿಂಗೇ ಬಿರಿದಿದ್ದರೆ ತುಕ್ಕಿನ ಮೇಲೆಯೇ ಮತ್ತೊಂದು ಪದರ ಹಾಕಿಸುವುದು ವ್ಯರ್ಥ. ತೇವ ಉಗಿಯಾಗಿ ಹೊಸ ಲೋಹದಲ್ಲಿ ಸಣ್ಣ ತೂತುಗಳನ್ನು ಮಾಡುತ್ತದೆ. ಬಾಯ್ಲರನ್ನು ಬಿಚ್ಚಿ ಒಣಗಿಸಿ, ಲೋಹ ಬೆಳ್ಳಗೆ ಹೊಳೆಯುವವರೆಗೆ ಗ್ರೈಂಡರಿನಿಂದ ಉಜ್ಜಿಸಿ ವೆಲ್ಡ್ ಮಾಡಿಸಬೇಕು. ಎಲ್ಲ ಬಾಯಿಗಳೂ ತೆರೆದಿರತಕ್ಕದ್ದು. ಮುಚ್ಚಿದ ಟ್ಯಾಂಕಿನೊಳಗಿನ ಉಗಿ ಸಿಡಿಯಬಲ್ಲದು. ಸತುವಿನ ಲೇಪವಿರುವ ಜಿ.ಐ. ಆದರೆ ಕೆಲಸ ಬಯಲಿನಲ್ಲೇ ಆಗಲಿ, ಅದರ ಹೊಗೆ ಜ್ವರ ಬರಿಸುತ್ತದೆ. ಅಂಟು ಮೆತ್ತುವುದು ನಾಲ್ಕು ದಿನದ ಉಪಾಯ. ಉರಿಯ ಬಳಿ ಅಷ್ಟೂ ಇಲ್ಲ.

ತಾಮ್ರದ ಬಾಯ್ಲರಿಗೆ ತವರ-ಸೀಸದ ಬೆಸುಗೆ ಹಾಕಿಸಬಾರದು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ನೀರಿರುವವರೆಗೆ ನಿಂತೀತು, ಮರೆತು ಒಮ್ಮೆ ಬರಿದಾಗಿ ಉರಿಸಿದರೆ ಬಿಟ್ಟುಕೊಳ್ಳುತ್ತದೆ. ಸೀಸವಂತೂ ವಿಷ. ತಾಮ್ರದ ಕೆಲಸ ಬಲ್ಲವರಿಂದ ಬ್ರೇಜಿಂಗ್ ಮಾಡಿಸಿ. ತಾಮ್ರಕ್ಕೆ ನೇರವಾಗಿ ಕಬ್ಬಿಣದ ಪೈಪು ಕೂಡಿಸಿದರೆ ಕಬ್ಬಿಣ ಬೇಗ ಸವೆಯುತ್ತದೆ. ನಡುವೆ ಹಿತ್ತಾಳೆಯ ನಿಪ್ಪಲ್ ಇರುವುದು ಮೇಲು. ಸೂರಿನ ಮೇಲಿನ ಸೋಲಾರ್ ಟ್ಯಾಂಕು ಬೇರೆಯೇ ಬಗೆ: ಹೊದಿಕೆಯೊಳಗಿನ ಫೋಮು ಹೊತ್ತಿಕೊಳ್ಳುವುದರಿಂದ ಊರಿನ ವೆಲ್ಡರ್ ಅದನ್ನು ಮುಟ್ಟುವುದು ಬೇಡ.

ಎಷ್ಟು ಚೆನ್ನಾಗಿ ಬೆಸೆದರೂ ಪೈಪಿನ ಭಾರವೆಲ್ಲ ಸಾಕೆಟ್ಟಿನ ಮೇಲೆ ಜೋತುಬಿದ್ದರೆ ಮತ್ತೆ ಬಿರಿಯುತ್ತದೆ. ಗೋಡೆಗೆ ಕ್ಲಾಂಪು ಹೊಡೆದು ಭಾರ ಹೊರಿಸಿ, ಮುಂದೆ ಬಿಚ್ಚಲು ಒಂದು ಯೂನಿಯನ್ ಇಡಿಸಿ.

ಬಾಯ್ಲರಿನ ಮೇಲಿನ ಗಾಳಿ ಪೈಪನ್ನು ಮಾತ್ರ ಎಂದೂ ಮುಚ್ಚಬಾರದು. ಅಲ್ಲಿಂದ ಉಗಿ ಬರುತ್ತದೆಂದು ಬಿರಡೆ ಬಡಿದರೆ ಒತ್ತಡ ಏರಿ ಬಾಯ್ಲರೇ ಸಿಡಿಯಬಹುದು. ಬಚ್ಚಲಲ್ಲಿರುವವರು ಮಕ್ಕಳೂ ಆಗಿರಬಹುದು. ದುರಸ್ತಿಯ ನಂತರ ತಣ್ಣೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೊಮ್ಮೆ ಸೀಮೆಸುಣ್ಣ ತಿಕ್ಕಿ ನೋಡಬೇಕು. ತಣ್ಣಗಿದ್ದಾಗ ಸೋರದ ಬಿರುಕು ಬಿಸಿಯಾದಾಗ ಬಾಯಿ ಬಿಡುವುದುಂಟು.