ಗ್ರಿಡ್ ಕೈಗೆ ಮನೆಯ ತಂಪು

2022ರ ಆಗಸ್ಟ್ 30ರಂದು ಅಮೆರಿಕದ ಕೊಲರಾಡೊದಲ್ಲಿ ಬಿಸಿಲು ಸುಡುತ್ತಿತ್ತು. ಆ ಮಧ್ಯಾಹ್ನ ಸುಮಾರು 22 ಸಾವಿರ ಗ್ರಾಹಕರ ಎಸಿ ನಿಯಂತ್ರಿಸುವ ಥರ್ಮೋಸ್ಟಾಟ್‌ಗಳಿಗೆ ಬೀಗ ಬಿತ್ತು. ಮನೆಯವರು ಎಷ್ಟು ಒತ್ತಿದರೂ ತಾಪಮಾನ ಸುಮಾರು 26 ಡಿಗ್ರಿಗಿಂತ ಕೆಳಗೆ ಇಳಿಯಲೊಲ್ಲದು. ದೂರದಿಂದ ಬೀಗ ಹಾಕಿದ್ದು ಎಕ್ಸೆಲ್ ಎನರ್ಜಿ ಎಂಬ ವಿದ್ಯುತ್ ಕಂಪನಿ. ಆ ಅಧಿಕಾರವನ್ನು ಕೊಟ್ಟಿದ್ದವರು ಗ್ರಾಹಕರೇ. ಇದಕ್ಕೆಂದೇ ಇದ್ದ ಕಂಪನಿಯ ಯೋಜನೆಗೆ ಸೇರಿದ್ದಕ್ಕೆ 100 ಡಾಲರ್, ಆಮೇಲೆ ವರ್ಷಕ್ಕೆ 25 ಡಾಲರ್ ಅವರ ಖಾತೆಗೆ ಜಮೆಯಾಗುತ್ತಿತ್ತು.

ಕಂಪನಿಗೆ ಇದರ ಅಗತ್ಯವೇನು? ಗ್ರಿಡ್ ಎಂಬುದು ನೀರಿನ ಟ್ಯಾಂಕ್ ಅಲ್ಲ. ಎಷ್ಟು ವಿದ್ಯುತ್ ಖರ್ಚಾಗುತ್ತದೋ ಅಷ್ಟನ್ನು ಅದೇ ಕ್ಷಣದಲ್ಲಿ ಒದಗಿಸಬೇಕು. ಬೇಡಿಕೆ ಮೇಲಾದರೆ ಜನರೇಟರುಗಳು ಏರು ಹತ್ತುವ ಎತ್ತಿನಂತೆ ನಿಧಾನಿಸುತ್ತವೆ. ಅಲ್ಲಿ 60, ನಮ್ಮಲ್ಲಿ 50 ಹರ್ಟ್ಸ್ ಇರಬೇಕಾದ ಆವರ್ತನ ಕುಸಿಯುತ್ತದೆ. ಕುಸಿತ ಮುಂದುವರಿದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಗ್ರಿಡ್‌ನಿಂದ ಕಳಚಿಕೊಳ್ಳುತ್ತವೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಗ್ರಿಡ್ ಪೂರ್ತಿ ಕುಸಿಯಲು ಉಳಿದಿದ್ದದ್ದು ಬರೀ 4 ನಿಮಿಷ 37 ಸೆಕೆಂಡು.

ಇಂಥ ಹೊತ್ತಿನಲ್ಲಿ ಎಸಿಯೇ ಗುರಿಯಾಗಲು ಕಾರಣವಿದೆ. ದೀಪ ಆರಿಸಿದರೆ ಕತ್ತಲು ಆ ಕ್ಷಣವೇ ಬರುತ್ತದೆ. ಎಸಿ ನಿಂತರೆ ಸೆಖೆ ನಿಧಾನವಾಗಿ ಬರುತ್ತದೆ. ಗೋಡೆ, ನೆಲ, ಮಂಚ, ಬೀರು ಎಲ್ಲವೂ ತಂಪನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತವೆ. ಅಂದರೆ ಮನೆಯೇ ಒಂದು ಬ್ಯಾಟರಿ. ಕೆಲವು ಕಂಪನಿಗಳು ಸಂಜೆಯ ಒತ್ತಡಕ್ಕೆ ಮೊದಲೇ ಮನೆಯನ್ನು ಇನ್ನಷ್ಟು ತಂಪಾಗಿಸಿ, ಆಮೇಲೆ ಒಂದೆರಡು ಡಿಗ್ರಿ ಏರಿಸುತ್ತವೆ. ಅವಧಿ ಮುಗಿದಾಗ ಎಲ್ಲ ಎಸಿಗಳೂ ಒಟ್ಟಿಗೇ ಓಡತೊಡಗಿದರೆ ಬೇಡಿಕೆ ಮತ್ತೆ ಜಿಗಿಯುತ್ತದೆ. ಆದ್ದರಿಂದ ಅವುಗಳನ್ನು ಸರದಿಯಲ್ಲಿ ಬಿಡಬೇಕಾಗುತ್ತದೆ.

ನಮಗೆ ಗೊತ್ತಿರುವ ಲೋಡ್ ಶೆಡ್ಡಿಂಗ್ ಒರಟು ಉಪಾಯ. ಬಡಾವಣೆಗೆ ವಿದ್ಯುತ್ ಒಯ್ಯುವ ಫೀಡರ್ ಆಫ್ ಮಾಡಿದರೆ ಎಸಿಯ ಜೊತೆಗೆ ಫ್ಯಾನ್, ಫ್ರಿಜ್, ಓದುವ ಮಗುವಿನ ದೀಪ, ರೋಗಿಯ ಆಮ್ಲಜನಕ ಯಂತ್ರ ಎಲ್ಲವೂ ನಿಲ್ಲುತ್ತವೆ. ಸಾವಿರಾರು ಮನೆಗಳಿಂದ ಒಂದೆರಡು ಡಿಗ್ರಿ ತಂಪನ್ನು ಕಡ ಪಡೆಯುವುದು ಅದಕ್ಕಿಂತ ಎಷ್ಟೋ ನಯವಾದ ದಾರಿ.

ಆದರೆ ಕಡ ಕೊಡುವವನಿಗೆ ಕರಾರು ಗೊತ್ತಿರಬೇಕು. ಕೊಲರಾಡೊದಲ್ಲಿ ಸಾಮಾನ್ಯ ದಿನಗಳಲ್ಲಿ ಗ್ರಾಹಕರು ಕಂಪನಿಯ ಆದೇಶವನ್ನು ಬದಲಿಸಿಕೊಳ್ಳಬಹುದಿತ್ತು. ಅಂದು ಆ ಅವಕಾಶ ಇರಲಿಲ್ಲ. ಹಲವರು ಸಿಟ್ಟಾದದ್ದು ಅದಕ್ಕೇ. ಬೀಗ ಹಾಕದೆ ಬರೀ ಕೇಳಿಕೊಂಡರೂ ಜನ ಸ್ಪಂದಿಸುತ್ತಾರೆ ಎಂಬುದಕ್ಕೂ ನಿದರ್ಶನವಿದೆ. ಮುಂದಿನ ವಾರ, ಸೆಪ್ಟೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಬೇಡಿಕೆ 52,061 ಮೆಗಾವ್ಯಾಟ್‌ಗೆ ಏರಿ ದಾಖಲೆ ಮಾಡಿತು. ಸಂಜೆ ಸರ್ಕಾರ ಜನರ ಮೊಬೈಲ್‌ಗಳಿಗೆ ಒಂದು ತುರ್ತು ಸಂದೇಶ ಕಳಿಸಿ, ಅನಗತ್ಯ ಬಳಕೆ ನಿಲ್ಲಿಸಿ ಎಂದು ಕೇಳಿಕೊಂಡಿತು. ಒಂದು ಗಂಟೆಯೊಳಗೆ ಬೇಡಿಕೆ 2,000 ಮೆಗಾವ್ಯಾಟ್‌ನಷ್ಟು ಇಳಿಯಿತು.

ನಮ್ಮಲ್ಲೂ ಎಸಿಗಳು ಹೆಚ್ಚುತ್ತಿವೆ. 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತು. ಇಂಥ ಯೋಜನೆ ನಾಳೆ ನಮ್ಮ ಮನೆ ಬಾಗಿಲಿಗೂ ಬಂದರೆ ಬೇಡವೆನ್ನಬೇಕಿಲ್ಲ. ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಸಲ? ಎಷ್ಟು ಡಿಗ್ರಿ, ಎಷ್ಟು ಹೊತ್ತು? ಮನೆಯಲ್ಲಿ ವೃದ್ಧರು, ಹಸುಗೂಸು, ಕಾಯಿಲೆಯವರು ಇದ್ದರೆ ತುರ್ತಿನಲ್ಲೂ ಹೊರಬರಲು ದಾರಿ ಇದೆಯೇ? ಮೂರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ.